ಬೋಳು ಹೋತ, ಬೋಳು ಮೇಕೆ

ಹೆಣ್ಣು ಮೇಕೆ ಬೆದೆಗೆ ಬರ್ತಿಲ್ಲ ಅಂದರೆ ನಾನು ಈಗ ಮೊದಲು ಅದರ ತಲೆ ನೋಡುತ್ತೇನೆ. ಈ ರೂಢಿ ಬಂದಿದ್ದು ಶಿರಾ ಕಡೆಯ ಒಂದು ಶೆಡ್‌ನಿಂದ.

ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಲಸಿಕೆ ಮುಗಿಸಿ ಐಸ್ ಬಾಕ್ಸ್ ಮುಚ್ಚುತ್ತಿದ್ದೆ. ಮಾಲೀಕರು ಸಾನೆನ್ ಎಂಬ ಹಾಲಿನ ತಳಿಯ ಕ್ರಾಸ್ ಮೇಕೆಯೊಂದನ್ನು ಹಿಡಿದು ತಂದರು. "ಡಾಕ್ಟ್ರೇ, ಇದಕ್ಕೊಂದು ಬೆದೆ ಇಂಜೆಕ್ಷನ್ ಹಾಕಿ. ವಯಸ್ಸು ಮೀರ್ತಾ ಇದೆ." ಬಾಲ ಎತ್ತಿ ನೋಡಿದೆ. ಯೋನಿಯ ಕೆಳತುದಿಯಲ್ಲಿ ಬಟಾಣಿ ಗಾತ್ರದ ಗಂಟೊಂದು ಹೊರಗೆ ಚಾಚಿತ್ತು. ಕತ್ತು ದಪ್ಪ. ಮೈಯಿಂದ ಹೋತದ ವಾಸನೆ. ತೊಡೆಸಂದಿಯಲ್ಲಿ ಕೈಯಾಡಿಸಿದರೆ ಚರ್ಮದಡಿ ಗಟ್ಟಿ ಉಂಡೆ ಸಿಕ್ಕಿತು.

"ಇದರ ಜೊತೆ ಹುಟ್ಟಿದ್ದು ಗಂಡಾ?"

"ಹೌದು ಸಾರ್."

ಫ್ರೀಮಾರ್ಟಿನ್, ಅಂದರೆ ಗಂಡಿನ ಜೊತೆ ಹುಟ್ಟಿ ಗೊಡ್ಡಾದ ಹೆಣ್ಣು, ಅಂದುಬಿಟ್ಟೆ. ಹಸುವಾಗಿದ್ದರೆ ಸರಿ. ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ ಸುಮಾರು 90 ಗೊಡ್ಡಾಗುತ್ತವೆ, ಗರ್ಭದಲ್ಲೇ ಎರಡರ ರಕ್ತ ಬೆರೆಯುವುದರಿಂದ. ಮೇಕೆ ಅವಳಿ ಹಾಕೋದು ಮಾಮೂಲು, ಆದರೆ ಅಲ್ಲಿ ಹೀಗೆ ರಕ್ತ ಬೆರೆಯೋದು ತುಂಬಾ ಅಪರೂಪ.

ಅಷ್ಟರಲ್ಲಿ ಮಾಲೀಕರ ಹೆಂಡತಿ ಇನ್ನೊಂದನ್ನು ಎಳೆದು ತಂದರು. ಅದೂ ಹಾಗೇ. "ಇದು ಒಂಟಿ ಮರಿ ಸಾರ್. ಜೊತೆಗೆ ಯಾವುದೂ ಹುಟ್ಟಿಲ್ಲ." ಮಾಲೀಕರು ನನ್ನ ಮುಖವನ್ನೇ ನೋಡುತ್ತಿದ್ದರು. "ಹಂಗಾದ್ರೆ ನೀವು ಹೇಳಿದ್ದು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಎರಡರ ತಲೆ ಸವರಿದೆ. ಕೊಂಬಿಲ್ಲ. ಕೊಂಬು ಸುಟ್ಟ ಗುರುತೂ ಇಲ್ಲ. ಹುಟ್ಟಾ ಬೋಳು. ಹೋತ ತೋರಿಸಿ ಅಂದೆ, ಅದೂ ಬೋಳು. ಎರಡರ ತಾಯಂದಿರೂ ಬೋಳು. ಕೊಂಬಿದ್ದರೆ ಗುದ್ದಾಡ್ತವೆ, ಜಾಲರಿಗೆ ಸಿಕ್ಕಿಕೊಳ್ತವೆ ಅಂತ ಅವರು ಹುಡುಕಿ ಹುಡುಕಿ ಬೋಳನ್ನೇ ತಂದಿದ್ದರು.

ಬೋಳಿನ ಗುಣ ತಂದೆ, ತಾಯಿ ಒಬ್ಬರಿಂದ ಬಂದರೂ ಸಾಕು, ಮರಿಗೆ ಕೊಂಬು ಬರಲ್ಲ. ಬೇರೇನೂ ತೊಂದರೆ ಇಲ್ಲ. ಇಬ್ಬರಿಂದಲೂ ಬಂದರೆ ಹೆಣ್ಣಾಗಬೇಕಿದ್ದ ಎಕ್ಸ್‌ಎಕ್ಸ್ ಮರಿಯಲ್ಲಿ ಅಂಡಾಶಯದ ಬದಲು ವೃಷಣ ಬೆಳೆಯುತ್ತೆ, ಗಂಡಿನ ವೈ ಕ್ರೋಮೋಸೋಮ್ ಇಲ್ಲದೆಯೇ. ಒಂದನೇ ಕ್ರೋಮೋಸೋಮಿನಲ್ಲಿ ಡಿಎನ್ಎಯ ಒಂದು ತುಂಡು ಕಾಣೆಯಾಗಿರುವುದನ್ನು ಫ್ರಾನ್ಸಿನ ವಿಜ್ಞಾನಿಗಳು 2001ರಲ್ಲಿ ಹಿಡಿದರು. ಅದರಿಂದ ಪೆಟ್ಟು ಬೀಳೋದು ಅಂಡಾಶಯ ಬೆಳೆಯಲು ಬೇಕಾದ, ದೂರದಲ್ಲಿರುವ ಫಾಕ್ಸ್‌ಎಲ್2 ಜೀನಿಗೆ. 2014ರಲ್ಲಿ ಆ ಜೀನನ್ನೇ ಕೆಡಿಸಿ ನೋಡಿದರು. ಎಕ್ಸ್‌ಎಕ್ಸ್ ಮರಿಗಳಲ್ಲಿ ವೃಷಣ ಬೆಳೆಯಿತು.

"ನಮ್ಮಲ್ಲಿ ಗಂಡು ಮರಿಗಳೇ ಜಾಸ್ತಿ ಸಾರ್" ಅಂತ ಅವರು ಹೇಳಿದ್ದಕ್ಕೂ ಕಾರಣ ಇದೇ ಇರಬೇಕು. ಇಂಥ ಕೆಲವು ಮರಿ ನೋಡಲು ಪೂರ್ತಿ ಗಂಡೇ. ಹೋತ, ಮೇಕೆ ಎರಡರಲ್ಲೂ ಈ ಗುಣದ ಒಂದೊಂದು ಪ್ರತಿ ಇದ್ದರೆ 8 ಮರಿಗೆ 1 ಹೀಗೆ ಗಂಡು-ಹೆಣ್ಣು ಬೆರೆತ ಇಂಟರ್‌ಸೆಕ್ಸ್ ಆಗುವ ಲೆಕ್ಕ. ಹೋತದಲ್ಲಿ ಎರಡೂ ಪ್ರತಿ ಇದ್ದರೆ ಹೆಣ್ಣಾಗಬೇಕಿದ್ದ ಮರಿಗಳಲ್ಲಿ ಅರ್ಧ ಹೋಯಿತು. ಹಾಲಿಗಾಗಿ ಸಾಕುವವರಿಗೆ ಇದು ಸಣ್ಣ ನಷ್ಟ ಅಲ್ಲ.

ನಮ್ಮ ಕೇಸ್ ಶೀಟ್‌ನಲ್ಲಿ ತಳಿ, ಬಣ್ಣ, ಟ್ಯಾಗ್ ನಂಬರ್ ಎಲ್ಲಕ್ಕೂ ಕಾಲಂ ಇದೆ. ಕೊಂಬಿಗಿಲ್ಲ. ಮೇಲಿನವರಿಗೆ ಹೇಳಿದೆ, ಮುಂದಿನ ಪ್ರಿಂಟ್‌ನಲ್ಲಿ ನೋಡೋಣ ಅಂದರು. ಅಲ್ಲಿವರೆಗೆ ಷರಾ ಜಾಗದಲ್ಲಿ ಬರೆಯುತ್ತೇನೆ, ತಂದೆ ತಾಯಿಯ ಕೊಂಬನ್ನೂ ಸೇರಿಸಿ. ತಲೆ ನೋಡದೆ ಹಾರ್ಮೋನ್ ಕೊಡಲ್ಲ. ಅಂಡಾಶಯವೇ ಇಲ್ಲದ ಪ್ರಾಣಿಗೆ ಬೆದೆ ಇಂಜೆಕ್ಷನ್ ಹಾಕಿ ರೈತರ ದುಡ್ಡು ಯಾಕೆ ಹಾಳು ಮಾಡಬೇಕು?

ಬೋಳು ಮೇಕೆಗಳನ್ನು ಮಾರಬೇಡಿ, ಹೋತ ಮಾತ್ರ ಬದಲಾಯಿಸಿ ಅಂದೆ. ಮರಿ ಹಾಕಿರುವ ಬೋಳು ಮೇಕೆಯಲ್ಲಿ ಒಂದೇ ಪ್ರತಿ ಇರೋದು. ಕೊಂಬಿನ ಹೋತ ಬಿಟ್ಟರೂ ಸುಮಾರು ಅರ್ಧ ಮರಿ ಬೋಳೇ ಹುಟ್ಟುತ್ತವೆ. ಅವರು ಕೊಂಬಿನ ಹೋತ ತಂದು, ಗುದ್ದದ ಹಾಗೆ ಅದಕ್ಕೆ ಬೇರೆ ಗೂಡು ಕಟ್ಟಿಸಿದರು.