ತಿರುವಿಗೆ ಹೆದರ್ತೀವಿ, ನೇರ ರಸ್ತೆಗೆ ಹೆದರಲ್ಲ

ಕೊಡಗಿಗೆ ರೈಲು ಬರಲ್ಲ, ವಿಮಾನ ಇಳಿಯಲ್ಲ. ಏನಿದ್ದರೂ ರಸ್ತೆ. ಮಕ್ಕಳ ಕಾಲೇಜು, ದೊಡ್ಡ ಆಸ್ಪತ್ರೆ, ಮದುವೆ, ಸಂತೆ, ತೋಟದಿಂದ ಹೊರಟ ಕಾಫಿ ಮೂಟೆ, ಎಲ್ಲದಕ್ಕೂ ಅದೇ ಡಾಂಬರು. ಅದಕ್ಕೇ ಇಲ್ಲಿ ನಾಲ್ಕು ಜನ ಸೇರಿದ ಕಡೆ ಮಳೆ, ಕಾಫಿ ರೇಟು, ಆನೆ ಆದಮೇಲೆ ಮಾತು ಆಕ್ಸಿಡೆಂಟ್‌ಗೆ ಬಂದೇ ಬರುತ್ತೆ. "ನಿನ್ನೆ ರಾತ್ರಿ ಆಯ್ತಂತಲ್ಲ, ಯಾರ ಮನೆಯವರಂತೆ?" ಅಂತ ಶುರುವಾಗುತ್ತೆ. ಆಮೇಲೆ ಯಾರೋ ಒಬ್ಬರು "ಆ ತಿರುವೇ ಸರಿ ಇಲ್ಲ" ಅನ್ನುತ್ತಾರೆ. ಎಲ್ಲರೂ ಹೌದು ಹೌದು ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತೆ.

ಈ ಮಾತಿಗೆ ನನ್ನ ತಕರಾರಿದೆ. ತಿರುವು ನಮ್ಮ ಅಜ್ಜನ ಕಾಲದಿಂದಲೂ ಅಲ್ಲೇ ಇದೆ. ಮಡಿಕೇರಿಯಿಂದ ಮಂಗಳೂರು ಕಡೆಗೆ ಇಳಿಯುವ ಸಂಪಾಜೆ ಘಾಟಿ ಆಗಲಿ, ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ಮಾಕುಟ್ಟ ಘಾಟಿ ಆಗಲಿ, ಭಾಗಮಂಡಲದಿಂದ ಕರಿಕೆಗೆ ಹೋಗುವ ರಸ್ತೆ ಆಗಲಿ, ಅಲ್ಲಿ ಹೋಗುವಾಗ ಎಲ್ಲರಿಗೂ ಒಳಗೊಳಗೇ ಸ್ವಲ್ಪ ಹೆದರಿಕೆ ಇರುತ್ತೆ, ಹಾರ್ನ್ ಹೊಡೀತಾರೆ, ಗೇರ್ ಇಳಿಸ್ತಾರೆ, ಫೋನ್ ಬಂದರೂ ಎತ್ತಲ್ಲ. ಘಾಟಿ ಮುಗಿದು ರಸ್ತೆ ನೇರವಾಯ್ತು ಅನ್ನಿ, ಅದೇ ಮನುಷ್ಯ ಕಾಲು ಒತ್ತುತ್ತಾನೆ. ನಮ್ಮ ಜನ ಜಾಸ್ತಿ ಸಾಯುತ್ತಿರುವುದು ಅಲ್ಲಿ ಅಂತ ನನಗೆ ಬಲವಾಗಿ ಅನಿಸುತ್ತೆ.

ಸುಮ್ನೆ ಅನಿಸಿಕೆ ಅಲ್ಲ ಇದು. ಕೇಂದ್ರ ಸಾರಿಗೆ ಇಲಾಖೆ ಪ್ರತಿ ವರ್ಷ ಅಪಘಾತದ ಲೆಕ್ಕ ಕೊಡುತ್ತೆ. 2022ರಲ್ಲಿ ದೇಶದಲ್ಲಿ 4,61,312 ಅಪಘಾತ ಆಯಿತು. ಅದರಲ್ಲಿ ಮೂರಕ್ಕೆ ಎರಡು ಪಾಲು ನೇರ ರಸ್ತೆಯಲ್ಲೇ. ಮಳೆ, ಮಂಜು ಏನೂ ಇಲ್ಲದ ಒಳ್ಳೆ ಹವೆಯಲ್ಲೇ ಹೆಚ್ಚಿನವು. ನೇರ ರಸ್ತೆ ಜಾಸ್ತಿ ಇರುವಾಗ ಅಪಘಾತವೂ ಅಲ್ಲೇ ಜಾಸ್ತಿ ಅಲ್ವಾ ಅಂತ ನೀವು ಕೇಳಬಹುದು. ಸರಿ, ಒಪ್ಪೋಣ. ಹಾಗಾದರೆ ಕಾರಣ ನೋಡಿ. ಆ ವರ್ಷ ಸತ್ತ 1,68,491 ಜನರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಜಾಸ್ತಿ ಮಂದಿಯ ಸಾವಿಗೆ ಬರೆದಿರುವ ಕಾರಣ ಅತಿವೇಗ. ಗುಂಡಿಯಲ್ಲ, ತಿರುವಲ್ಲ.

ನಮ್ಮ ಕರ್ನಾಟಕದ ಲೆಕ್ಕ ಇನ್ನೂ ಬೇಜಾರು ತರಿಸುತ್ತೆ. ಕೊರೊನಾ ಬಂದ 2020ರಲ್ಲಿ ರಸ್ತೆಗಳು ಖಾಲಿ ಇದ್ದರೂ 9,760 ಜನ ಸತ್ತರು. 2021ರಲ್ಲಿ 10,038. 2022ರಲ್ಲಿ 11,702. 2023ರಲ್ಲಿ 12,321. ಅಂದರೆ ದಿನಕ್ಕೆ 33ಕ್ಕೂ ಹೆಚ್ಚು. ಒಂದು ಬಸ್ಸಿನ ತುಂಬಾ ಜನ ಒಟ್ಟಿಗೆ ಸತ್ತರೆ ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಣೆ ಆಗುತ್ತೆ. ಒಬ್ಬೊಬ್ಬರಾಗಿ, ಊರೂರಲ್ಲಿ, ಬೈಕಿನ ಮೇಲೆ ಸತ್ತರೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು. 2022ರ ದೇಶದ ಲೆಕ್ಕದಲ್ಲಿ ಸತ್ತವರಲ್ಲಿ ನೂರಕ್ಕೆ 44ರಷ್ಟು ದ್ವಿಚಕ್ರ ವಾಹನದವರು. ನಡೆದುಕೊಂಡು ಹೋಗುತ್ತಿದ್ದವರು ಇನ್ನೊಂದು 19ರಷ್ಟು.

ವೇಗ ಇಳಿಸಿದರೆ ಸಾವು ಇಳಿಯುತ್ತಾ? ಇಳಿಯುತ್ತೆ. ಅದಕ್ಕೆ ದೂರ ಹೋಗಬೇಕಿಲ್ಲ, ನಾವು ವಾರಕ್ಕೊಮ್ಮೆ ಓಡಾಡುವ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅಷ್ಟು ಅಗಲ, ಅಷ್ಟು ನೇರ, ತಿರುವೇ ಇಲ್ಲ ಅನ್ನಬಹುದು. ಆ ವರ್ಷ ಆ ಒಂದೇ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪೊಲೀಸರು ಸ್ಪೀಡ್ ಗನ್ ಹಿಡಿದು ನಿಂತರು, ನೂರರ ಮೇಲೆ ಹೋದವರಿಗೆ ದಂಡ ಹಾಕಿದರು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಮುಖ್ಯ ರಸ್ತೆಗೆ ಬರದ ಹಾಗೆ ಮಾಡಿದರು. ಮರುವರ್ಷ ಸಾವು ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ರಸ್ತೆ ಅದೇ, ಕಾರುಗಳೂ ಅವೇ. ಬದಲಾಗಿದ್ದು ವೇಗ ಮತ್ತು ಒಟ್ಟಿಗೆ ಓಡಬಾರದ ಗಾಡಿಗಳು ಬೇರೆಯಾಗಿದ್ದು, ಅಷ್ಟೆ.

ಆ ಹೆದ್ದಾರಿಯೇ ಮುಂದೆ 275 ಅನ್ನೋ ಅದೇ ನಂಬರಿನಲ್ಲಿ ಕುಶಾಲನಗರ ದಾಟಿ ನಮ್ಮ ಕಡೆ ಬರುತ್ತೆ. ಆದರೆ ಇಲ್ಲಿ ನಡುವೆ ಡಿವೈಡರ್ ಇಲ್ಲ, ಸರ್ವೀಸ್ ರಸ್ತೆ ಇಲ್ಲ. ಬೆಂಗಳೂರಿನಿಂದ ಅಷ್ಟು ದೂರ ನೂರರಲ್ಲಿ ಓಡಿಸಿ ಕಾಲಿಗೆ ಅದೇ ಅಭ್ಯಾಸ ಆಗಿರುತ್ತೆ. ಗುಡ್ಡೆಹೊಸೂರು ಬಿಟ್ಟು ಆನೆಕಾಡು ಸೇರಿದ ಮೇಲೆ ಎರಡೂ ಕಡೆ ಕಾಡು, ರಸ್ತೆ ನುಣ್ಣಗೆ, ಎದುರಿಗೆ ದೂರದವರೆಗೂ ಕಾಣುತ್ತೆ. ಅಲ್ಲಿ ಯಾರೂ ನಿಧಾನ ಹೋಗಲ್ಲ. ಸುಂಟಿಕೊಪ್ಪದ ಕಡೆಯಿಂದ ಬರುವ ನಾವೂ ಹೋಗಲ್ಲ, ಬರೀ ಟೂರಿಸ್ಟರನ್ನು ದೂರಿ ಪ್ರಯೋಜನ ಇಲ್ಲ. ಓವರ್‌ಟೇಕ್ ಮಾಡಿದ ಕಾರು ಎದುರು ಬರುವ ಬಸ್ಸಿಗೆ ಮುಖಾಮುಖಿ ಆಗೋದು, ಬೈಕನ್ನು ಮಣ್ಣಿಗೆ ಇಳಿಸೋದು, ಇವೆಲ್ಲ ಅಲ್ಲಿ ದಿನಾ ನಡೆಯುತ್ತೆ. ಕೆಲವು ಸಲ ತಪ್ಪುತ್ತೆ, ಕೆಲವು ಸಲ ತಪ್ಪಲ್ಲ.

ಒಂದು ಲೆಕ್ಕ ಹೇಳ್ತೀನಿ. ಎಂಬತ್ತರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೆ. ಎದುರಿಗೆ ಏನೋ ಕಂಡಿತು ಅಂತ ಮನಸ್ಸಿಗೆ ಹೊಳೆದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ 22 ಮೀಟರ್ ಮುಗಿದಿರುತ್ತೆ. ಬ್ರೇಕ್ ಹಿಡಿಯೋದು ಆಮೇಲೆ. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತೆ. ಇದು ಒಣ ರಸ್ತೆಯ ಮಾತು. ಆನೆಕಾಡಿನಲ್ಲಿ ಎದುರಿಗೆ ಬರುವುದು ಕಾರೇ ಆಗಬೇಕಿಲ್ಲ, ಸಂಜೆ ಆದಮೇಲೆ ಆನೆಯೂ ಆಗಬಹುದು, ಅದಕ್ಕೆ ಹೆಡ್‌ಲೈಟ್ ಇಲ್ಲ, ಮೈ ಬಣ್ಣ ಕತ್ತಲೆಯದೇ.

ಇನ್ನು ನಮ್ಮ ಗೇಟುಗಳ ವಿಷಯ. ಇದನ್ನು ಹೊರಗಿನವರು ಯಾರೂ ಗಮನಿಸಿರಲ್ಲ, ನಾವು ಗಮನಿಸಿದರೂ ಮಾತಾಡಲ್ಲ. ಕಾಫಿ ತೋಟದ ಗೇಟು ನೇರ ಹೆದ್ದಾರಿಗೇ ತೆರೆಯುತ್ತೆ. ಬೇಲಿ ಮೇಲೆ ಲಂಟಾನ ಹಬ್ಬಿರುತ್ತೆ, ಪಕ್ಕದಲ್ಲಿ ಸಿಲ್ವರ್ ಓಕ್ ಮರ. ಒಳಗಿನಿಂದ ಬರುವ ಜೀಪಿನವನಿಗೆ ಮೂತಿ ರಸ್ತೆಗೆ ಬರುವ ತನಕ ಏನೂ ಕಾಣಲ್ಲ, ರಸ್ತೆಯಲ್ಲಿ ಬರುವವನಿಗೆ ಅಲ್ಲೊಂದು ಗೇಟಿದೆ ಅನ್ನೋದೇ ಗೊತ್ತಿರಲ್ಲ. ಮಳೆಗಾಲದಲ್ಲಿ ಟ್ರಾಕ್ಟರಿನ ಚಕ್ರಕ್ಕೆ ಅಂಟಿದ ತೋಟದ ಕೆಂಪು ಕೆಸರು ಗೇಟಿನಿಂದ ಮಾರುದೂರದವರೆಗೆ ಡಾಂಬರಿನ ಮೇಲೆ ಬಿದ್ದಿರುತ್ತೆ. ಬೈಕಿನವನು ಅದರ ಮೇಲೆ ಬ್ರೇಕ್ ಹಾಕಿದರೆ ಮುಗೀತು. ಕೆಸರು ತೊಳೆಯೋದು, ಲಂಟಾನ ಕಡಿಯೋದು, ಕಂಬಕ್ಕೆ ಒಂದು ರಿಫ್ಲೆಕ್ಟರ್ ಹೊಡೆಯೋದು ತೋಟದವರ ಕೈಯಲ್ಲೇ ಇರುವ ಕೆಲಸ. ಒಂದು ಆಳಿನ ಅರ್ಧ ದಿನದ ಕೂಲಿ. ಇದಕ್ಕೆ ಯಾವ ಇಲಾಖೆಯೂ ಬೇಡ.

ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮೊದಲ ಮಳೆ, ಬಿದ್ದ ದಿನ ಇನ್ನೊಂದು ಅಪಾಯ. ತಿಂಗಳುಗಟ್ಟಲೆ ಒಣಗಿದ ರಸ್ತೆಯಲ್ಲಿ ಧೂಳು, ಗಾಡಿಯಿಂದ ಸುರಿದ ಎಣ್ಣೆ ಎಲ್ಲಾ ಕೂತಿರುತ್ತೆ. ಮೊದಲ ಹನಿಗೆ ಅದು ಮೇಲೆದ್ದು ಜಾರುವ ಪದರ ಆಗುತ್ತೆ. ಚೆನ್ನಾಗಿ ಮಳೆ ಸುರಿದು ತೊಳೆದುಹೋದ ಮೇಲೆ ಅಷ್ಟು ಜಾರಲ್ಲ, ಮೊದಲ ಅರ್ಧ ಗಂಟೆಯೇ ಕೆಟ್ಟದ್ದು. ಆದರೆ ಅದೇ ಹೊತ್ತಿಗೆ ನಾವೆಲ್ಲ ಖುಷಿಯಲ್ಲಿ ಯಾರ ತೋಟಕ್ಕೆ ಎಷ್ಟು ಇಂಚು ಬಿತ್ತು ಅಂತ ಫೋನಲ್ಲಿ ಕೇಳಿಕೊಂಡೇ ಗಾಡಿ ಓಡಿಸ್ತಿರ್ತೀವಿ.

ಘಾಟಿಯ ಬಗ್ಗೆ ಏನೂ ಹೇಳದೇ ಬಿಡೋದು ಸರಿಯಲ್ಲ. ಮಡಿಕೇರಿಯಿಂದ ಸಂಪಾಜೆಗೆ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಸುಮಾರು ಸಾವಿರ ಮೀಟರ್ ಇಳೀತೀರಿ. ಕೆಳಗೆ ಟೀ ಅಂಗಡಿ ಮುಂದೆ ನಿಂತ ಕಾರುಗಳ ಚಕ್ರದಿಂದ ಸುಟ್ಟ ವಾಸನೆ ಬರುತ್ತಿರುತ್ತೆ, ಕೆಲವರು ಬಾಟಲಿ ನೀರು ಹೊಯ್ಯುತ್ತಿರುತ್ತಾರೆ. ದಾರಿಯುದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟು ಇಳಿದದ್ದು ಅದು. ಬ್ರೇಕ್ ಕಾದರೆ ಹಿಡಿಯಲ್ಲ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್, ಆಗ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತೆ. ಆಟೋಮ್ಯಾಟಿಕ್ ಕಾರಿನವರು ಎಲ್ ಅಥವಾ ಮ್ಯಾನುವಲ್ ಮೋಡ್‌ಗೆ ಹಾಕಬೇಕು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸೋದು ಪ್ರಾಣದ ಜೊತೆ ಆಟ. ಇಕ್ಕಟ್ಟಿನಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಅನ್ನೋದು ಕಾನೂನಿನಲ್ಲೇ ಇದೆ, ಈಗಿನ ಹುಡುಗರಿಗೆ ಅದನ್ನು ಯಾರೂ ಹೇಳಿಕೊಡುತ್ತಿಲ್ಲ.

ಇನ್ನೊಂದು, ಕಲ್ಲು. ಏರಿನಲ್ಲಿ ಲಾರಿ ಕೆಟ್ಟರೆ ಚಕ್ರದ ಹಿಂದೆ ದಪ್ಪ ಕಲ್ಲು ಇಡುತ್ತಾರೆ, ಸ್ವಲ್ಪ ಹಿಂದೆ ನಾಲ್ಕು ಸೊಪ್ಪಿನ ಕೊಂಬೆ ಮುರಿದು ಹಾಕುತ್ತಾರೆ. ಅದು ಸರಿ. ಆದರೆ ಗಾಡಿ ರಿಪೇರಿಯಾಗಿ ಹೊರಟ ಮೇಲೆ ಕಲ್ಲು ಅಲ್ಲೇ ಉಳಿಯುತ್ತೆ. ಟಯರಿನ ಗುರುತು ಬಿದ್ದ, ತೆಂಗಿನಕಾಯಿಗಿಂತ ದೊಡ್ಡ ಕಲ್ಲು, ಡಾಂಬರಿನ ಬಣ್ಣದ್ದೇ. ರಾತ್ರಿ ಮಂಜಿನಲ್ಲಿ ಬೈಕಿನವನಿಗೆ ಅದು ಕಾಣೋದು ಮುಂದಿನ ಚಕ್ರ ಹತ್ತಿದ ಮೇಲೆ. ಹಗಲಲ್ಲಿ ಹೋಗುವಾಗ ಇಂಥ ಕಲ್ಲು ಕಂಡರೆ ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ಹಾಕಿ, ಇಳಿದು, ಚರಂಡಿಗೆ ಉರುಳಿಸಿ. ನಾನು ಮಾಡ್ತೀನಿ, ನನ್ನ ಜೊತೆ ಬರುವವರ ಕೈಲೂ ಮಾಡಿಸ್ತೀನಿ.

ಹೆಲ್ಮೆಟ್ ಬಗ್ಗೆ ಹೇಳಿದರೆ ಜನಕ್ಕೆ ಬೇಸರ ಬರುತ್ತೆ, ಆದರೂ ಹೇಳ್ತೀನಿ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಹಾಕದೇ ಸತ್ತವರು 50,029. ನಮ್ಮ ಪಕ್ಕದ ಮನೆ ಹುಡುಗ ಪ್ರತಿ ಸಲ ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿಕೊಂಡು ಹೊರಡ್ತಾನೆ. ಕೇಳಿದರೆ "ಇಲ್ಲೇ ಪೇಟೆಗೆ ಅಣ್ಣ, ಈಗ ಬಂದೆ" ಅಂತಾನೆ. ಪೇಟೆಗೆ ಹೋಗಲು ಹೆದ್ದಾರಿ ದಾಟಲೇಬೇಕು. ಪೊಲೀಸ್ ಕಂಡರೆ ತಲೆ ಮೇಲಿಡ್ತಾನೆ, ಪಟ್ಟಿ ಮಾತ್ರ ಕಟ್ಟಲ್ಲ. ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದ ಕೂಡಲೇ ತಲೆಗಿಂತ ಮೊದಲೇ ಹಾರಿಹೋಗುತ್ತೆ.

ಕೊಯ್ಲಿನ ಕಾಲದಲ್ಲಿ ಸಂಜೆ ಪಿಕಪ್‌ಗಳನ್ನು ನೋಡಿ. ಹಿಂದೆ ನಿಂತುಕೊಂಡು ಹೋಗುವ ಹೆಂಗಸರು, ಕಂಕುಳಲ್ಲಿ ಮಗು, ಕಾಲಡಿ ಚೀಲ. ಸರಕು ಗಾಡಿ ಅದು, ಜನರನ್ನು ತುಂಬಲು ಅಲ್ಲ. ಗಾಡಿ ಮಗುಚಿದರೆ ವಿಮೆ ಹಣಕ್ಕೂ ಆ ಕುಟುಂಬಗಳು ಕೋರ್ಟು ಅಲೆಯಬೇಕಾಗುತ್ತೆ. ಎರಡು ಟ್ರಿಪ್ ಹೊಡೆಯುವ ಡೀಸೆಲ್ ಉಳಿಸಲು ನಾವು ತೋಟದ ಮಾಲೀಕರು ಇದನ್ನು ನೋಡಿಯೂ ನೋಡದ ಹಾಗೆ ಇರುವುದು ನನಗೆ ತುಂಬಾ ನೋವು ಕೊಡುತ್ತೆ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಇಲ್ಲಿ ಬಿದ್ದವರಿಗೆ ದೂರವೇ ದೊಡ್ಡ ಶತ್ರು. ತಲೆಗೆ ಬಲವಾದ ಪೆಟ್ಟಾದರೆ ಈಗಲೂ ಹೆಚ್ಚಿನವರನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸುತ್ತಾರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮೊದಲ ಒಂದು ಗಂಟೆ ಮುಖ್ಯ ಅಂತ ಡಾಕ್ಟರುಗಳು ಹೇಳೋದು, ನಮಗೆ ಆ ಗಂಟೆ ದಾರಿಯಲ್ಲೇ ಮುಗಿಯುತ್ತೆ. ಹಾಗಾಗಿ ಯಾರಾದರೂ ಬಿದ್ದಿರೋದು ಕಂಡರೆ ಪೊಲೀಸ್ ಕೇಸು ನಮ್ಮ ತಲೆಗೆ ಬರುತ್ತೆ ಅಂತ ಹಿಂದೆ ಸರೀಬೇಡಿ. ಗಾಯಾಳುವನ್ನು ಸೇರಿಸಿದವರು ಹೆಸರು ಹೇಳಲೇಬೇಕು ಅಂತಿಲ್ಲ, ಸಾಕ್ಷಿ ಆಗಲೇಬೇಕು ಅಂತಲೂ ಇಲ್ಲ. ಸಹಾಯ ಮಾಡಿದವರನ್ನು ಕಾಪಾಡುವ ಕಾನೂನನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ನಮ್ಮದೇ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೂ ಇದೆ, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ಕೈಯಿಂದ ಹಣ ಕಟ್ಟದೇ ಚಿಕಿತ್ಸೆ. ಆಸ್ಪತ್ರೆಯಲ್ಲಿ ಅದನ್ನು ಕೇಳಿ ಪಡೆಯಿರಿ. 108, 112 ಎರಡೂ ನಂಬರು ಗೊತ್ತಿರಲಿ, ರಾಷ್ಟ್ರೀಯ ಹೆದ್ದಾರಿ ಮೇಲೆ ಆದರೆ 1033.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಮುಂದಾಳತ್ವದಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರುತ್ತೆ. ಸರ್ಕಾರದ ಲೆಕ್ಕದಲ್ಲಿ ಅರ್ಧ ಕಿಲೋಮೀಟರಿನೊಳಗೆ ಮೂರು ವರ್ಷದಲ್ಲಿ ಐದು ದೊಡ್ಡ ಅಪಘಾತ ಅಥವಾ ಹತ್ತು ಸಾವು ಆದ ಜಾಗ ಬ್ಲ್ಯಾಕ್ ಸ್ಪಾಟ್. ಅಷ್ಟು ಜನ ಸಾಯುವ ತನಕ ಕಾಯೋದು ಬೇಡ ಅಂತ ನಾವು ಕೆಲವರು ಸೇರಿ ಆ ಸಮಿತಿಗೆ ಅರ್ಜಿ ಬರೆಯುತ್ತಿದ್ದೇವೆ. ಆನೆಕಾಡಿನ ನೇರ ರಸ್ತೆಯಲ್ಲಿ ವೇಗ ಹಿಡಿಯುವ ಕ್ಯಾಮೆರಾ, ಶಾಲೆ ಮತ್ತು ತೋಟದ ಕಾರ್ಮಿಕರ ಲೈನ್ ಮನೆಗಳ ಹತ್ತಿರ ಗಾಡಿ ಅದುರಿಸಿ ಎಚ್ಚರಿಸುವ ಉಬ್ಬುಪಟ್ಟಿ (ರಂಬಲ್ ಸ್ಟ್ರಿಪ್), ಪ್ರತಿ ತೋಟದ ಗೇಟಿಗೂ ಮೊದಲು ಎಚ್ಚರಿಕೆ ಫಲಕ, ಸದ್ಯಕ್ಕೆ ಇಷ್ಟು ಕೇಳುತ್ತೇವೆ. ಸಹಿ ಹಾಕುವವರು ಊರಿನ ಜೊತೆಗೆ ನಿಮ್ಮ ಗೇಟು ಯಾವ ರಸ್ತೆಗೆ ತೆರೆಯುತ್ತೆ ಅನ್ನೋದನ್ನೂ ಬರೆಯಿರಿ, ಆ ಪಟ್ಟಿಯನ್ನೂ ಅರ್ಜಿಯ ಜೊತೆ ಕೊಡಬೇಕು.