ನಾಲ್ಕು ತೂತು ಕೂತರೆ ಸಾಕಾ?

ನನ್ನ ಹಳೇ ಮಾಜ್ದಾ ಎಂಎಕ್ಸ್-5 ಕಾರಿನ ಒಂದು ಹಿಂಚಕ್ರದಲ್ಲಿ ದಿನಾ ಸ್ವಲ್ಪ ಸ್ವಲ್ಪ ಗಾಳಿ ಇಳಿಯುತ್ತಿತ್ತು. ಟೈರ್ ಬಿಚ್ಚಿ ನೋಡಿದರೆ ಅಲಾಯ್ ವೀಲ್‌ನ ಒಳ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು. ವೆಲ್ಡ್ ಮಾಡಿಸು ಅಂದವರೂ ಇದ್ದರು. ವೆಲ್ಡ್ ಮಾಡಿದ ಚಕ್ರವನ್ನು ನಂಬಿ ತಿರುವಿನಲ್ಲಿ ವೇಗವಾಗಿ ಹೋಗುವಷ್ಟು ಧೈರ್ಯ ನನಗಿಲ್ಲ. ಹೇಗೂ 14 ಇಂಚಿಗೆ ಒಳ್ಳೆ ಟೈರ್ ಸಿಗುವುದು ಕಡಿಮೆಯಾಗುತ್ತಿದೆ. ನಾಲ್ಕನ್ನೂ ಬದಲಾಯಿಸಿ 15 ಇಂಚಿಗೆ ಹೋಗೋಣ ಅಂತ ತೀರ್ಮಾನಿಸಿದೆ.

ವಿಷಯ ಗೊತ್ತಾಗಿದ್ದೇ ತಡ, ಗೆಳೆಯನೊಬ್ಬ ಭಾನುವಾರ ಬೆಳಿಗ್ಗೆ ತನ್ನ ಹತ್ತಿರ ಸುಮ್ನೆ ಬಿದ್ದಿದ್ದ ನಾಲ್ಕು ವೀಲ್ ತಂದು ಇಳಿಸಿದ. ಹೊರಗಡೆ ಅಂಚು ಊಟದ ತಟ್ಟೆಯಂತೆ ಆಳವಾಗಿ, ಹೊಳೆಯುತ್ತಾ ಇತ್ತು. ನೋಡಿದವರಿಗೆ ಆಸೆ ಆಗಲೇಬೇಕು.

"ನಾಲ್ಕು ತೂತು, ನೂರರ ಪಿಸಿಡಿ. ಕಣ್ಮುಚ್ಚಿ ಹಾಕು ಮಾರಾಯ" ಅಂದ.

ಪಿಸಿಡಿ ಅಂದರೆ ತೂತುಗಳ ನಡುಬಿಂದುಗಳ ಮೇಲೆ ಹಾದುಹೋಗುವ ವೃತ್ತದ ಅಡ್ಡಳತೆ. ನನ್ನ ಕಾರಿನದು 100 ಮಿ.ಮೀ. ನಾಲ್ಕು ತೂತಿನ ವೀಲ್‌ನಲ್ಲಿ ಎದುರುಬದುರಿನ ತೂತುಗಳ ನಡುವೆ ಅಳೆದರೆ ಮುಗಿಯಿತು. ಐದು ತೂತು ಇದ್ದರೆ ಎದುರಿಗೆ ತೂತೇ ಇರುವುದಿಲ್ಲ. ಪಕ್ಕಪಕ್ಕದ ಎರಡರ ನಡುವಿನ ಅಂತರವನ್ನು 1.701ರಿಂದ ಗುಣಿಸಬೇಕು. ಇಲ್ಲಿ ಒಂದು ಅಪಾಯ ಇದೆ. ಕೆಲವು ಫಿಯಟ್ ಕಾರುಗಳ ಪಿಸಿಡಿ 98 ಮಿ.ಮೀ. ಆ ವೀಲ್ 100ರ ಹಬ್ಬಿನ (ಕಾರಿನಲ್ಲಿ ವೀಲ್ ಒರಗಿ ಕೂರುವ ಭಾಗ) ಮೇಲೆ ಇನ್ನೇನು ಕೂತಿತು ಅನ್ನಿಸುತ್ತೆ. ನಟ್ಟು ಬಿಗಿದಂತೆ ಹಬ್ಬಿನಿಂದ ಚಾಚಿದ ಬೋಲ್ಟುಗಳು, ಅಂದರೆ ಸ್ಟಡ್ಡುಗಳು, ಬಾಗುತ್ತವೆ, ನಟ್ಟು ಸರಿಯಾಗಿ ಕೂರುವುದಿಲ್ಲ. ಗೆಳೆಯನ ವೀಲ್ ನಿಜಕ್ಕೂ 100ರದ್ದೇ. ಆದರೆ ಪಿಸಿಡಿ ಹೊಂದಿದರೆ ವೀಲ್ ಕಾರಿಗೆ ಸಿಕ್ಕಿಸಬಹುದು, ಅಷ್ಟೇ. ಓಡಿಸಬಹುದು ಅಂತ ಅಲ್ಲ.

ಒಂದು ವೀಲ್ ಮಗುಚಿ ಹಾಕಿ, ನಡುವಿನಿಂದ ಅಂಚಿಗೆ ಚಾಚಿದ ಕಡ್ಡಿಯ ಹಿಂಭಾಗಕ್ಕೆ ಮೆತ್ತಿದ್ದ ಬ್ರೇಕ್ ಧೂಳು ಒರೆಸಿದೆ. ಎರಕದಲ್ಲೇ ಅಕ್ಷರಗಳು ಮೂಡಿದ್ದವು: 15x8, +20. ಮೊದಲನೆಯದು ಇಂಚಿನಲ್ಲಿ ವೀಲ್‌ನ ಅಡ್ಡಳತೆ ಮತ್ತು ಅಗಲ. ನನಗೆ ಬೇಕಾಗಿದ್ದು ಕೊನೆಯ +20. ಇದೇ ಆಫ್‌ಸೆಟ್. ವೀಲ್‌ನ ಅಗಲದ ನಟ್ಟನಡುವಿನಿಂದ, ಹಬ್ಬಿಗೆ ಒರಗುವ ಮುಖ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವ ಲೆಕ್ಕ. ಈ ಸಂಖ್ಯೆ ಕಡಿಮೆ ಆದಷ್ಟೂ ಚಕ್ರ ಹೊರಗೆ ಚಾಚುತ್ತೆ, ಜಾಸ್ತಿ ಆದಷ್ಟೂ ಒಳಗೆ ಸರಿಯುತ್ತೆ.

ನನ್ನ ಹಳೇ ವೀಲ್ 14x6, ಆಫ್‌ಸೆಟ್ +45. ಒಂದು ರಟ್ಟಿನ ಮೇಲೆ ಲೆಕ್ಕ ಬರೆದು ತೋರಿಸಿದೆ. ಅಗಲ 6ರಿಂದ 8 ಇಂಚು ಆದರೆ ಪ್ರತಿ ಬದಿಗೆ ಒಂದು ಇಂಚು, ಅಂದರೆ 25.4 ಮಿ.ಮೀ. ಹೆಚ್ಚುತ್ತೆ. ಆಫ್‌ಸೆಟ್ 45ರಿಂದ 20ಕ್ಕೆ ಇಳಿದರೆ ಇಡೀ ಚಕ್ರ 25 ಮಿ.ಮೀ. ಹೊರಗೆ ಸರಿಯುತ್ತೆ. ಒಳಗಡೆ ಇವೆರಡೂ ಒಂದನ್ನೊಂದು ಹೊಡೆದುಹಾಕುತ್ತವೆ, ವ್ಯತ್ಯಾಸ ಅರ್ಧ ಮಿ.ಮೀ. ಕೂಡ ಇಲ್ಲ. ಹೊರಗಡೆ ಎರಡೂ ಕೂಡಿಕೊಂಡು ಐದು ಸೆಂಟಿಮೀಟರ್!

"ಒಳಗೆ ತಾಗಲ್ಲ ಅಲ್ವಾ? ಮತ್ತೇನು?" ಅಂದ ಅವನು.

ಒಂದನ್ನು ಸಿಕ್ಕಿಸಿ ತೋರಿಸಿದೆ. ಅಂಚು ಫೆಂಡರ್‌ನಿಂದ, ಅಂದರೆ ಚಕ್ರದ ಮೇಲಿನ ತಗಡಿನಿಂದ, ಆಚೆಗೆ ಬಂದು ನಿಂತಿತು. ಈ ಕಾರಿನ ಸಸ್ಪೆನ್ಷನ್ ನಾಲ್ಕೂ ಕಡೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತೆ. ಸಸ್ಪೆನ್ಷನ್ ಒತ್ತಿಕೊಂಡಾಗ ಚಕ್ರದ ತಲೆ ಒಳಗೆ ವಾಲುತ್ತೆ, ನಿಜ. ಆದರೆ ಐದು ಸೆಂಟಿಮೀಟರ್ ಒಳಗೆ ಹೋಗುವಷ್ಟು ವಾಲಲ್ಲ. ಫೆಂಡರ್ ಟೈರನ್ನು ಕೆರೆಯೋದು ಒಂದು ತೊಂದರೆ. ಅದಕ್ಕಿಂತ ನನಗೆ ಚಿಂತೆ ಸ್ಟಿಯರಿಂಗ್‌ದು. ಮುಂಚಕ್ರ ಇಷ್ಟು ಹೊರಗೆ ಹೋದರೆ, ಉಬ್ಬುತಗ್ಗಿನಲ್ಲಿ, ಬ್ರೇಕ್ ಒತ್ತುವಾಗ ಸ್ಟಿಯರಿಂಗ್ ಕೈಯಲ್ಲೇ ಎಳೆದಾಡುತ್ತೆ. ವೀಲ್ ಬೇರಿಂಗ್ ಮೇಲೂ ಹೊರೆ ಜಾಸ್ತಿ. ಒಂದು ಟನ್ ಸುಮಾರಿನ ಈ ಪುಟ್ಟ ಕಾರನ್ನು ಜನ ಇಷ್ಟಪಡುವುದೇ ಅದರ ಸ್ಟಿಯರಿಂಗ್‌ಗೋಸ್ಕರ. ಅದನ್ನೇ ಕೆಡಿಸಿಕೊಂಡು ಚೆಂದದ ಅಂಚು ಇಟ್ಟುಕೊಂಡು ಏನು ಮಾಡೋದು?

ಕೊನೆಗೆ ನಾನು ಆರಿಸಿದ್ದು 15x7, +35. ಹೊರಗೆ 22.7 ಮಿ.ಮೀ. ಜಾಸ್ತಿ, ಒಳಗೆ 2.7. ನೋಡೋಕೆ ಸಾಧಾರಣ, ಕೈಗೆ ಹಗುರ. ಟೈರ್ 195/50ಆರ್15. ಹಳೇ 185/60ಆರ್14ರ ಎತ್ತರ 577.6 ಮಿ.ಮೀ., ಹೊಸದರದು 576. ಸ್ಪೀಡೋಮೀಟರ್‌ಗೆ ವ್ಯತ್ಯಾಸ ಗೊತ್ತಾಗುವಷ್ಟಲ್ಲ.

ಟೈರ್ ಹಾಕಿಸುವ ಮುಂಚೆ ಬರೀ ವೀಲನ್ನೇ ಸಿಕ್ಕಿಸಿ ನೋಡಿದೆವು. ಇದನ್ನು ಯಾರೂ ಬಿಡಬಾರದು. ಒಮ್ಮೆ ಟೈರ್ ಕೂರಿಸಿದ ಮೇಲೆ ಅಂಗಡಿಯವರು ವಾಪಸ್ ತಗೊಳ್ಳೋದು ಅಪರೂಪ. ಅಳತೆ, ಆಫ್‌ಸೆಟ್ ಎರಡೂ ಒಂದೇ ಇದ್ದ ಎರಡು ವೀಲ್‌ಗಳಲ್ಲಿ ಒಂದರ ಕಡ್ಡಿ ಹೊರಗೆ ಬಾಗಿರುತ್ತೆ, ಇನ್ನೊಂದರದು ನೇರ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಮೇಲೇ ಬಂದು ಕೂರುತ್ತೆ. ಇದು ಯಾವ ಸಂಖ್ಯೆಯಲ್ಲೂ ಕಾಣಿಸುವುದಿಲ್ಲ. ಮಕ್ಕಳು ಆಡುವ ಮೆತ್ತನೆ ಜೇಡಿಯ ಉಂಡೆಯನ್ನು ಕ್ಯಾಲಿಪರ್‌ನ ಉಬ್ಬಿದ ಜಾಗಕ್ಕೆ ಅಂಟಿಸಿದೆ. ವೀಲ್ ಸಿಕ್ಕಿಸಿ, ಎರಡು ನಟ್ಟು ಬಿಗಿದು, ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆ. ಬಿಚ್ಚಿ ನೋಡಿದರೆ ಉಂಡೆ ಚಪ್ಪಟೆಯಾಗಿ ಬಿಲ್ಲೆ ಆಗಿತ್ತು. ಅದರ ದಪ್ಪ ಐದು ಮಿ.ಮೀ. ಇತ್ತು, ಅಷ್ಟು ಸಂದು ಸಾಕು. ಬ್ಯಾಲೆನ್ಸ್ ಮಾಡುವವರು ಒಳಗಡೆ ಅಂಟಿಸುವ ತೂಕದ ಪಟ್ಟಿಗೂ ಜಾಗ ಬೇಕಲ್ಲ, ಅದನ್ನೂ ನೋಡಿಕೊಂಡೆ.

ನಡುವಿನ ತೂತು ಮಾತ್ರ ದೊಡ್ಡದಿತ್ತು. ಕಾರಿನ ಹಬ್ 54.1 ಮಿ.ಮೀ., ವೀಲ್‌ನದು 73.1. ಬೇರೆ ಬೇರೆ ಕಾರಿಗೆ ಆಗಲಿ ಅಂತ ಹೀಗೆ ದೊಡ್ಡದಾಗಿ ಮಾಡಿರುತ್ತಾರೆ. ನಡುವಿನ ಸಂದು ತುಂಬಲು ಹಬ್ ರಿಂಗ್ ಅನ್ನುವ ಬಳೆ ಹಾಕಿದರೆ ವೀಲ್ ಸರಿಯಾಗಿ ಮಧ್ಯಕ್ಕೆ ಕೂರುತ್ತೆ. ಸ್ವಲ್ಪ ಪಕ್ಕಕ್ಕೆ ಕೂತರೂ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತೆ, ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಹೋಗುವುದಿಲ್ಲ. ನಟ್ಟಿನ ಬುಡವನ್ನೂ ನೋಡಬೇಕು. ನನ್ನವು 60 ಡಿಗ್ರಿಯ ಶಂಕುವಿನಾಕಾರ. ಹೋಂಡಾದ ನಟ್ಟುಗಳ ಬುಡ ದುಂಡಗಿರುತ್ತೆ. ಮರೆ (ನಟ್ಟು ತಿರುಗಿ ಕೂರುವ ಸುರುಳಿ ಗೀರು) ಒಂದೇ ಅಂತ ಅದನ್ನು ಇಲ್ಲಿಗೆ ಹಾಕುವಂತಿಲ್ಲ.

ಟೈರ್ ಕೂರಿಸಿದ ಮೇಲೆ ಅದರ ಭುಜಕ್ಕೆ ಸೀಮೆಸುಣ್ಣ ಬಳಿದೆವು. ಸ್ಟಿಯರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ, ರಿವರ್ಸ್ ತೆಗೆದು, ಇಬ್ಬರೂ ಕೂತು ಉಬ್ಬುಗಳ ಮೇಲೆ ಓಡಿಸಿದೆವು. ಇಳಿದು ನೋಡಿದರೆ ಸುಣ್ಣ ಎಲ್ಲೂ ಅಳಿಸಿರಲಿಲ್ಲ.

ಗೆಳೆಯನಿಗೆ ಇನ್ನೂ ಸಮಾಧಾನ ಇಲ್ಲ. "ಐದು ಮಿ.ಮೀ. ಸ್ಪೇಸರ್ ಹಾಕು, ಇನ್ನೂ ಸ್ವಲ್ಪ ಹೊರಗೆ ಬರಲಿ" ಅಂತ ಶುರು ಮಾಡಿದ. ಸ್ಪೇಸರ್ ಅಂದರೆ ಹಬ್ಬಿಗೂ ವೀಲ್‌ಗೂ ನಡುವೆ ಇಡುವ ಲೋಹದ ಬಿಲ್ಲೆ. ಸ್ಟಡ್ಡಿನ ಮರೆ ಸುತ್ತಿಗೆ 1.5 ಮಿ.ಮೀ. ಐದು ಮಿ.ಮೀ. ಸ್ಪೇಸರ್ ಅಂದರೆ ನಟ್ಟಿಗೆ ಸಿಗುವ ಮರೆಯಲ್ಲಿ ಮೂರು ಸುತ್ತಿಗಿಂತ ಜಾಸ್ತಿ ಹೋಯಿತು. ಹಬ್ಬಿನ ಚಾಚಿದ ಭಾಗವೂ ಸ್ಪೇಸರ್ ಒಳಗೇ ಮುಗಿಯುತ್ತೆ, ರಿಂಗ್ ಹಾಕಿದ್ದಕ್ಕೆ ಅರ್ಥ ಇರಲ್ಲ. ಆಗಲ್ಲ ಅಂದೆ. ಬೇಕಾದರೆ ಸುಮಾರು 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್) ಹಿಡಿದು ನಟ್ಟು ಮತ್ತೆ ಬಿಗಿಯೋಕೆ ಬಾ ಅಂದೆ. ಬಂದ, ಸ್ಪೇಸರ್ ಜೇಬಿನಲ್ಲಿಟ್ಟುಕೊಂಡೇ.