ಹಳೆ ಟ್ರ್ಯಾಕ್ಟರಿಗೆ ಯಾವ ಆಯಿಲ್?

ನಮ್ಮ ಮುಳಬಾಗಿಲು ಕಡೆ ಜಾಸ್ತಿ ಜನ ಅಂಗಡಿಯಲ್ಲಿ "ಟ್ರ್ಯಾಕ್ಟರ್ ಆಯಿಲ್ ಕೊಡಿ" ಅಂತ ಮಾತ್ರ ಕೇಳುತ್ತಾರೆ, ಡಬ್ಬದ ಮೇಲೆ ಏನು ಬರೆದಿದೆ ಅಂತ ನೋಡುವುದೇ ಇಲ್ಲ. ಡಬ್ಬದ ಮೇಲಿನ 15ಡಬ್ಲ್ಯೂ-40 ಆಯಿಲ್ ಎಷ್ಟು ಮಂದ ಅಂತ ಹೇಳುವ ನಂಬರ್, ಅಂದರೆ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಬೇಗ ಹರಿಯುತ್ತದೆ, ಇಂಜಿನ್ ಕಾದ ಮೇಲೆ 40ರ ಆಯಿಲ್‌ನಷ್ಟು ಮಂದ ಇರುತ್ತದೆ. ನಮ್ಮ ಬಿಸಿಲಿಗೆ 20ಡಬ್ಲ್ಯೂ-40 ಕೂಡ ಆಗುತ್ತದೆ, ಕಂಪನಿ ಪುಸ್ತಕ ಒಪ್ಪಿದ್ದರೆ. ಡಬ್ಬದ ಮೇಲಿರುವ ಗುಣಮಟ್ಟದ ಗುರುತು ಸಿಎಚ್-4, ಸಿಐ-4ರಲ್ಲಿರುವ "ಸಿ" ಡೀಸೆಲ್ ಇಂಜಿನ್ನಿನ ಗುರುತು. ಬೈಕಿಗೆ ತಂದು ಉಳಿದದ್ದನ್ನು ಟ್ರ್ಯಾಕ್ಟರಿಗೆ ಸುಮ್ನೆ ಸುರಿಯಬೇಡಿ.

ಟ್ರ್ಯಾಕ್ಟರಿನ ಹಿಂಭಾಗದ ಹೌಸಿಂಗ್, ಅಂದರೆ ಗೇರ್ ಇರುವ ಪೆಟ್ಟಿಗೆಯ ವಿಷಯ ಬೇರೆ. ಬ್ರೇಕ್ ಪ್ಲೇಟುಗಳು ಆಯಿಲ್‌ನಲ್ಲೇ ಮುಳುಗಿರುವ ಗಾಡಿಗೆ ಸಾದಾ 90 ಗೇರ್ ಆಯಿಲ್ ಹಾಕಿದರೆ ಬ್ರೇಕ್ ಕಿರುಗುಟ್ಟಬಹುದು, ಸರಿಯಾಗಿ ಹಿಡಿಯದೆಯೂ ಇರಬಹುದು. ಅದಕ್ಕೆ ಯುಟಿಟಿಒ ಅನ್ನುವ ಆಯಿಲ್ ಕೇಳಿ, ಅದು ಗೇರ್, ಹೈಡ್ರಾಲಿಕ್, ಇಂಥ ಬ್ರೇಕ್ ಎಲ್ಲಕ್ಕೂ ಆಗುವ ಟ್ರ್ಯಾಕ್ಟರ್ ಆಯಿಲ್. ಅಂದ ಹಾಗೆ, ಇಂಜಿನ್ನಿಗೆ ಹೋಗುವ ಗಾಳಿಯ ಧೂಳು ಹಿಡಿಯುವ ಏರ್ ಕ್ಲೀನರ್ ಬಟ್ಟಲಿನ ಆಯಿಲ್ ಯಾವಾಗ ಬದಲಾಯಿಸಿದ್ದು? ರೋಟವೇಟರ್ ಹೊಡೆಯುವ ಕಾಲದಲ್ಲಿ ಅದನ್ನು ದಿನವೂ ನೋಡಬೇಕು.